ಪತ್ರ ಡಬ್ಲಿನ್‌ನಲ್ಲಿ, ಬೀಗದ ಕೈ ರೆಡ್ಮಂಡ್‌ನಲ್ಲಿ



2013ರ ಡಿಸೆಂಬರ್ 4ರಂದು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಜೇಮ್ಸ್ ಫ್ರಾನ್ಸಿಸ್ ಎಂಬ ಮ್ಯಾಜಿಸ್ಟ್ರೇಟರು ಒಂದು ವಾರಂಟಿಗೆ ಸಹಿ ಮಾಡಿದರು. ಮಾದಕ ವಸ್ತು ಸಾಗಣೆಯ ತನಿಖೆ ನಡೆದಿತ್ತು. ತನಿಖಾಧಿಕಾರಿಗಳಿಗೆ ಒಂದು ಎಂಎಸ್‌ಎನ್ ಇಮೇಲ್ ಖಾತೆಯಲ್ಲಿದ್ದದ್ದೆಲ್ಲ ಬೇಕಿತ್ತು. ಬಂದ ಪತ್ರ, ಹೋದ ಪತ್ರ, ಬರೆದು ಕಳಿಸದೆ ಉಳಿಸಿದ ಕರಡು, ಚಿತ್ರಗಳು, ಪರಿಚಯಸ್ಥರ ವಿಳಾಸಪಟ್ಟಿ, ಹಣ ಕಟ್ಟಿದ್ದರೆ ಆ ಕಾರ್ಡಿನ ನಂಬರು, ಒಂದನ್ನೂ ಬಿಟ್ಟಿರಲಿಲ್ಲ. ವಾರಂಟ್ ಅಂದ ಮೇಲೆ ಶೋಧಿಸಬೇಕಾದ ಜಾಗ ಯಾವುದೆಂದು ಬರೆಯಲೇಬೇಕು. ಇದರಲ್ಲಿ ಬರೆದಿದ್ದ ವಿಳಾಸ: ಒನ್ ಮೈಕ್ರೋಸಾಫ್ಟ್ ವೇ, ರೆಡ್ಮಂಡ್, ವಾಷಿಂಗ್ಟನ್ ರಾಜ್ಯ. ಅದು ಮೈಕ್ರೋಸಾಫ್ಟ್ ಕಂಪನಿಯ ಕೇಂದ್ರ ಕಚೇರಿ. ರಸ್ತೆಗೂ ಕಂಪನಿಯದೇ ಹೆಸರು.

ಕಂಪನಿಯವರು ಹುಡುಕಿ ನೋಡಿದರು. ಖಾತೆಯ ಮೂಲ ವಿವರ, ವಿಳಾಸಪಟ್ಟಿಯ ಮಾಹಿತಿ, ಇಂಥ ಹೊರಮೈ ವಿಷಯಗಳೆಲ್ಲ ಅಮೆರಿಕದ ಕಂಪ್ಯೂಟರುಗಳಲ್ಲೇ ಇದ್ದವು. ಅವನ್ನು ತಕರಾರಿಲ್ಲದೆ ಕೊಟ್ಟರು. ಆದರೆ ಪತ್ರಗಳ ಒಕ್ಕಣೆ ಇದ್ದದ್ದು ಅಟ್ಲಾಂಟಿಕ್ ಸಾಗರದ ಆಚೆ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅದನ್ನು ಕೊಡುವುದಿಲ್ಲ, ಅಮೆರಿಕದ ವಾರಂಟಿಗೆ ಅಮೆರಿಕದ ಗಡಿಯೇ ಎಲ್ಲೆ ಎಂದು ಕಂಪನಿ ಪಟ್ಟು ಹಿಡಿಯಿತು. ನಾಲ್ಕು ವರ್ಷಕ್ಕೂ ಮಿಕ್ಕಿ ವ್ಯಾಜ್ಯ ನಡೆಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಸರ್ಕಾರಕ್ಕೆ ಎದುರು ನಿಂತು ಗ್ರಾಹಕನ ಗುಟ್ಟು ಕಾಪಾಡಿದ ಕಂಪನಿಯ ಕಥೆಯಾಗಿ ಹೇಳುವ ರೂಢಿಯಿದೆ. ಅದು ಅರ್ಧ ಸತ್ಯ. ಇನ್ನರ್ಧಕ್ಕೆ ಡಬ್ಲಿನ್‌ನಿಂದಲೇ ಶುರು ಮಾಡಬೇಕು.

ಡಬ್ಲಿನ್ ನಗರದ ಪಶ್ಚಿಮಕ್ಕೆ ಗ್ರೇಂಜ್ ಕ್ಯಾಸಲ್ ಎಂಬ ಕೈಗಾರಿಕಾ ಪ್ರದೇಶವಿದೆ. 2009ರಲ್ಲಿ ಮೈಕ್ರೋಸಾಫ್ಟ್ ಅಲ್ಲಿ 50 ಕೋಟಿ ಡಾಲರ್ ವೆಚ್ಚದ ಡೇಟಾ ಸೆಂಟರ್ ತೆರೆಯಿತು. ಆ ಊರಿನ ಹವೆ ವರ್ಷದ ಬಹುಪಾಲು ತಣ್ಣಗೇ ಇರುತ್ತದೆ, ಹೊರಗಿನ ಗಾಳಿಯನ್ನೇ ಒಳಕ್ಕೆ ಎಳೆದು ಯಂತ್ರಗಳ ಕಾವು ಇಳಿಸಬಹುದು, ವಿದ್ಯುತ್ ಖರ್ಚು ಉಳಿಯುತ್ತದೆ. ಯುರೋಪಿನ ಗ್ರಾಹಕರ ಇಮೇಲ್‌ಗಳನ್ನು ಹತ್ತಿರದಲ್ಲೇ ಇಟ್ಟರೆ ಅವು ಪರದೆಯ ಮೇಲೆ ಬೇಗ ತೆರೆಯುತ್ತವೆ ಎನ್ನುವುದು ಇನ್ನೊಂದು ಲೆಕ್ಕ.

ಆದರೆ ಯುರೋಪಿನ ಗ್ರಾಹಕ ಯಾರು ಎಂದು ಕಂಪನಿಗೆ ಗೊತ್ತಾಗುವುದು ಹೇಗೆ? ಖಾತೆ ತೆರೆಯುವಾಗ ಯಾವ ದೇಶ ಎಂದು ಕೇಳುತ್ತಾರೆ. ನಾವು ಏನು ಒತ್ತಿದರೆ ಅದೇ ದೇಶ. ಪಡಿತರ ಚೀಟಿಗೆ ಕೇಳುವ ಹಾಗೆ ವಾಸದ ದಾಖಲೆಯನ್ನೇನೂ ಕೇಳುವುದಿಲ್ಲ. ಒತ್ತಿದ ದೇಶದ ಪ್ರಕಾರ ಯಂತ್ರವೇ ಸ್ವಲ್ಪ ಸಮಯದ ನಂತರ ಖಾತೆಯನ್ನು ಹತ್ತಿರದ ಕೇಂದ್ರಕ್ಕೆ ಸಾಗಿಸಿ, ಅಮೆರಿಕದಲ್ಲಿದ್ದ ಪ್ರತಿಯನ್ನು ಅಳಿಸಿಬಿಡುತ್ತಿತ್ತು. ಅಂದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕುಳಿತವನು ಐರ್ಲೆಂಡ್ ಎಂದು ಒತ್ತಿದರೂ ಅವನ ಪತ್ರಗಳು ಡಬ್ಲಿನ್ ಸೇರುತ್ತಿದ್ದವು. ಈ ಖಾತೆದಾರ ಅಮೆರಿಕದವನೋ ಐರ್ಲೆಂಡಿನವನೋ, ವಾಸ ಎಲ್ಲಿ, ಇದ್ಯಾವುದೂ ಕೋರ್ಟಿನ ದಾಖಲೆಯಲ್ಲಿ ಇರಲೇ ಇಲ್ಲ. ಎರಡು ದೇಶಗಳ ಸಾರ್ವಭೌಮತ್ವದ ಬಗ್ಗೆ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ಆ ವಾದಕ್ಕೆಲ್ಲ ಬುನಾದಿಯಾಗಿದ್ದದ್ದು ಯಾರೋ ಒಬ್ಬ ನಿಜವನ್ನೋ ಸುಳ್ಳನ್ನೋ ಹೇಳಿ ಒತ್ತಿದ ಒಂದು ಗುಂಡಿ.

ಸರಿ, ಒಂದು ಮಾದಕ ವಸ್ತು ಪ್ರಕರಣದ ಇಮೇಲ್‌ಗಾಗಿ ಕಂಪನಿ ಇಷ್ಟು ಹಟ ಯಾಕೆ ಮಾಡಿತು? ಆ ವರ್ಷ ಏನಾಗಿತ್ತು ನೆನಪಿಸಿಕೊಳ್ಳಿ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡನ್ ಹೊರಗಿಟ್ಟ ದಾಖಲೆಗಳನ್ನು ಲಂಡನ್ನಿನ ಗಾರ್ಡಿಯನ್, ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿದವು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ನಡೆಸುತ್ತಿದ್ದ ಪ್ರಿಸಂ ಎಂಬ ಕಣ್ಗಾವಲು ಯೋಜನೆಯ ಕಡತ ಅದರಲ್ಲಿತ್ತು. ಯಾವ ಕಂಪನಿ ಯಾವ ದಿನದಿಂದ ಯೋಜನೆಯೊಳಗೆ ಬಂತು ಎಂಬ ಪಟ್ಟಿಯೂ ಇತ್ತು. ಪಟ್ಟಿಯ ಮೊದಲ ಹೆಸರೇ ಮೈಕ್ರೋಸಾಫ್ಟ್. ನಮ್ಮ ಸರ್ವರುಗಳಿಗೆ ಸರ್ಕಾರಕ್ಕೆ ನೇರ ದಾರಿ ಕೊಟ್ಟಿಲ್ಲ ಎಂದು ಕಂಪನಿಗಳು ಒಂದೇ ದನಿಯಲ್ಲಿ ಹೇಳಿದವು. ಯುರೋಪಿನಲ್ಲಿ, ಅದರಲ್ಲೂ ರಹಸ್ಯ ಪೊಲೀಸರ ಕಾಲವನ್ನು ಕಂಡುಂಡ ಜರ್ಮನಿಯಲ್ಲಿ, ಅದನ್ನು ನಂಬುವವರು ಕಡಿಮೆಯಾದರು. ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಆಸ್ಪತ್ರೆಗಳು ತಮ್ಮ ಕಡತಗಳನ್ನು ಬಾಡಿಗೆ ಕಂಪ್ಯೂಟರುಗಳಿಗೆ ಸಾಗಿಸಲು ಆಗಷ್ಟೇ ಮನಸ್ಸು ಮಾಡುತ್ತಿದ್ದ ಹೊತ್ತು ಅದು. ಆ ವ್ಯಾಪಾರದ ಅರ್ಧ ಬಂಡವಾಳವೇ ನಂಬಿಕೆ. ಮ್ಯಾಜಿಸ್ಟ್ರೇಟರು ಸಹಿ ಹಾಕಿದ ಡಿಸೆಂಬರ್ 4ರಂದೇ ಮೈಕ್ರೋಸಾಫ್ಟಿನ ಮುಖ್ಯ ಕಾನೂನು ಅಧಿಕಾರಿ ಬ್ರ್ಯಾಡ್ ಸ್ಮಿತ್ ಒಂದು ಪ್ರಕಟಣೆ ಹೊರಡಿಸಿ, ಸರ್ಕಾರಗಳ ಇಣುಕು ನೋಟದಿಂದ ಗ್ರಾಹಕರನ್ನು ಕಾಪಾಡಲು ಗೂಢಲಿಪಿ ಬಿಗಿಗೊಳಿಸುತ್ತೇವೆ, ಬೇಕಾದರೆ ಕೋರ್ಟಿಗೂ ಹೋಗುತ್ತೇವೆ ಎಂದರು. ವಾರಂಟಿಗೂ ಪ್ರಕಟಣೆಗೂ ಸಂಬಂಧವಿರಲಿಲ್ಲ, ದಿನ ಮಾತ್ರ ಒಂದೇ.

ಹಾಗಾದರೆ ಇದೆಲ್ಲ ವ್ಯಾಪಾರದ ನಾಟಕವೇ? ಅಷ್ಟು ಸಲೀಸಾಗಿ ತಳ್ಳಿಹಾಕಲಾರೆ. ಸ್ವಾರ್ಥಕ್ಕೆ ಹೂಡಿದ ದಾವೆಯಿಂದಲೂ ಒಳ್ಳೆಯ ಕಾನೂನು ಹುಟ್ಟಿದ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ. ಈ ದಾವೆಯಲ್ಲಿ ಎತ್ತಿದ ಪ್ರಶ್ನೆಯಂತೂ ಅಸಲಿ ಪ್ರಶ್ನೆ.

ಅದು ಎಷ್ಟು ಜಟಿಲ ಎಂದರೆ, ತೀರ್ಮಾನಕ್ಕೆ ಇದ್ದ ಕಾನೂನು 1986ರದ್ದು. ರೊನಾಲ್ಡ್ ರೇಗನ್ ಸಹಿ ಹಾಕಿದ್ದು. ಇಮೇಲ್ ಎಂದರೆ ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡು ಓದುವ ವಸ್ತುವಾಗಿದ್ದ ಕಾಲ. ಕಂಪನಿಯ ಬಳಿ 180 ದಿನಕ್ಕಿಂತ ಹೆಚ್ಚು ಬಿದ್ದಿರುವ ಪತ್ರವನ್ನು ಪೊಲೀಸರು ಹೆಚ್ಚು ಸುಲಭವಾಗಿ ಪಡೆಯಬಹುದು ಎಂದು ಆ ಕಾನೂನು ಹೇಳುತ್ತದೆ. ಬೇಕಾದ ಪತ್ರವನ್ನು ಆರು ತಿಂಗಳು ಯಾರು ತಾನೇ ಬೇರೆಯವರ ಯಂತ್ರದಲ್ಲಿ ಬಿಡುತ್ತಾರೆ ಎಂಬ ಎಣಿಕೆ! ಇವತ್ತು ನಮ್ಮ ನಿಮ್ಮ ಖಾತೆಗಳಲ್ಲಿ ಹತ್ತು ಹದಿನೈದು ವರ್ಷದ ಪತ್ರಗಳು ಕೊಳೆಯುತ್ತಿವೆ. ಪತ್ರ ಬೇರೆ ದೇಶದಲ್ಲಿದ್ದರೆ ಏನು ಮಾಡಬೇಕೆಂದು ಆ ಕಾನೂನಿನಲ್ಲಿ ಒಂದು ಸಾಲೂ ಇರಲಿಲ್ಲ.

ಹಾಗಾಗಿ ಇಡೀ ಜಗಳ ವಾರಂಟ್ ಎಂದರೇನು ಎನ್ನುವುದಕ್ಕೆ ಬಂದು ನಿಂತಿತು. ಪೊಲೀಸರೇ ಬಾಗಿಲು ತಟ್ಟಿ ಒಳಗೆ ಹೋಗಿ ಶೋಧಿಸಿ ಜಪ್ತಿ ಮಾಡುವುದು ಒಂದು ಬಗೆ. ನಿನ್ನ ಬಳಿ ಇರುವ ದಾಖಲೆಯನ್ನು ತಂದು ಹಾಜರುಪಡಿಸು ಎಂದು ನೋಟಿಸ್ ಕೊಡುವುದು ಇನ್ನೊಂದು ಬಗೆ. ನಮ್ಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ 91ನೇ ಕಲಮಿನ ನೋಟಿಸ್ ಬೇರೆ, 93ನೇ ಕಲಮಿನ ಶೋಧನಾ ವಾರಂಟ್ ಬೇರೆ ಇತ್ತು. ಮೊದಲ ಬಗೆಯದಕ್ಕೆ ಗಡಿಯ ಕಟ್ಟು ಬಿಗಿ. ಬೆಂಗಳೂರಿನ ವಾರಂಟ್ ಹಿಡಿದು ಕೊಲಂಬೊದಲ್ಲಿ ಯಾರ ಮನೆಯ ಬೀಗವನ್ನೂ ಒಡೆಯುವಂತಿಲ್ಲ. ಎರಡನೆಯದಕ್ಕೆ ಅಷ್ಟು ಕಟ್ಟಿಲ್ಲ. ದಾಖಲೆ ಎಲ್ಲಿದ್ದರೂ ತರಿಸಿಕೊಡಬೇಕಾದವನು ನೀನು, ನೀನಂತೂ ನಮ್ಮ ಕೈಗೆ ಸಿಕ್ಕಿದ್ದೀಯ ಎಂದು ಕೋರ್ಟು ಹೇಳಬಹುದು. 1980ರ ದಶಕದಲ್ಲಿ ಅಮೆರಿಕದ ಕೋರ್ಟುಗಳು ಕೆನಡಾ ಮೂಲದ ಬ್ಯಾಂಕ್ ಆಫ್ ನೋವಾ ಸ್ಕೋಶಿಯಾಗೆ ಹಾಗೆಯೇ ಹೇಳಿದ್ದವು. ಕೇಮನ್ ದ್ವೀಪದ ಶಾಖೆಯ ಕಾಗದಪತ್ರ ತರಿಸಿಕೊಡಲು ತಡಮಾಡಿದ್ದಕ್ಕೆ ಆ ಬ್ಯಾಂಕಿಗೆ ದಿನಕ್ಕೆ 25,000 ಡಾಲರ್ ಲೆಕ್ಕದಲ್ಲಿ ದಂಡ ಬಿತ್ತು.

ಮ್ಯಾಜಿಸ್ಟ್ರೇಟ್ ಫ್ರಾನ್ಸಿಸ್ ಇದೇ ಜಾಡು ಹಿಡಿದರು. ಇಮೇಲ್ ವಾರಂಟ್ ಎನ್ನುವುದು ಎರಡರ ಬೆರಕೆ. ನ್ಯಾಯಾಧೀಶರ ಮುಂದೆ ಸಾಕಷ್ಟು ಕಾರಣ ತೋರಿಸಿ ಪಡೆಯುವುದರಿಂದ ವಾರಂಟು. ಆದರೆ ಪೊಲೀಸರು ಕಂಪನಿಯ ಕೋಣೆಗೆ ನುಗ್ಗುವುದಿಲ್ಲ, ಕಂಪನಿಯೇ ತೆಗೆದುಕೊಡುತ್ತದೆ, ಆದ್ದರಿಂದ ನೋಟಿಸಿನ ಗುಣ. 2014ರ ಏಪ್ರಿಲ್‌ನಲ್ಲಿ ಅವರು ಕಂಪನಿಯ ಅರ್ಜಿ ವಜಾ ಮಾಡಿದರು. ಅದೇ ವರ್ಷ ಜುಲೈ 31ರಂದು ಜಿಲ್ಲಾ ಮುಖ್ಯ ನ್ಯಾಯಾಧೀಶೆ ಲೊರೆಟಾ ಪ್ರೆಸ್ಕಾ ವಾದ ಕೇಳಿ ಮುಗಿಸಿದವರೇ ಪೀಠದಲ್ಲಿ ಕುಳಿತಂತೆಯೇ ಆದೇಶ ಹೇಳಿದರು. ಪತ್ರ ಯಾವ ಜಾಗದಲ್ಲಿದೆ ಎಂಬುದು ಪ್ರಶ್ನೆಯಲ್ಲ, ಅದು ಯಾರ ಹತೋಟಿಯಲ್ಲಿದೆ ಎಂಬುದು ಪ್ರಶ್ನೆ, ಅಂದರು. ಮೇಲ್ಮನವಿಗೆ ದಾರಿಯಾಗಲೆಂದು ಮೈಕ್ರೋಸಾಫ್ಟ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಮೇಲೆ ತಾನೇ ನ್ಯಾಯಾಂಗ ನಿಂದನೆಯ ಆದೇಶ ಬರೆಸಿಕೊಂಡಿತು. ಮುಂದಿನ ಮೆಟ್ಟಿಲು ಹತ್ತಲು ಅಲ್ಲಿನ ಪದ್ಧತಿ ಹಾಗೆ.

ಮೇಲಿನ ಕೋರ್ಟಿಗೆ ಸಲ್ಲಿಸಿದ ವಾದಪತ್ರವನ್ನು ಕಂಪನಿಯ ವಕೀಲರು ಒಂದು ಕಲ್ಪಿತ ಪ್ರಸಂಗದಿಂದ ಶುರು ಮಾಡಿದರು. ಕಾನೂನಿನ ಕಾಗದಗಳಲ್ಲಿ ಇಷ್ಟು ಜಾಣತನದ ಆರಂಭ ಅಪರೂಪ. ಜರ್ಮನಿಯ ಪೊಲೀಸರು ಒಂದು ಸುದ್ದಿ ಸೋರಿಕೆಯ ತನಿಖೆ ನಡೆಸುತ್ತಿದ್ದಾರೆ. ನ್ಯೂಯಾರ್ಕ್ ಟೈಮ್ಸ್ ವರದಿಗಾರನೊಬ್ಬನ ಖಾಸಗಿ ಪತ್ರಗಳು ಅವರಿಗೆ ಬೇಕು. ಅವನು ಅವನ್ನು ಇಟ್ಟಿರುವುದು ಮ್ಯಾನ್‌ಹಟನ್‌ನಲ್ಲಿರುವ ಜರ್ಮನ್ ಬ್ಯಾಂಕೊಂದರ ಶಾಖೆಯ ಲಾಕರಿನಲ್ಲಿ. ಪೊಲೀಸರು ಅಮೆರಿಕಕ್ಕೆ ಬರುವುದೇ ಇಲ್ಲ. ಫ್ರಾಂಕ್‌ಫರ್ಟಿನಲ್ಲಿರುವ ಬ್ಯಾಂಕಿನ ಕೇಂದ್ರ ಕಚೇರಿಗೆ ವಾರಂಟ್ ಕೊಡುತ್ತಾರೆ. ಅಲ್ಲಿಂದ ಮ್ಯಾನ್‌ಹಟನ್ ಶಾಖೆಯ ಮ್ಯಾನೇಜರಿಗೆ ಹುಕುಂ ಬರುತ್ತದೆ. ಆತ ತನ್ನ ಬಳಿಯ ಕೀಲಿಯಿಂದ ಲಾಕರ್ ತೆಗೆದು, ಪತ್ರಗಳನ್ನು ಹುಡುಕಿ, ಜರ್ಮನಿಗೆ ಫ್ಯಾಕ್ಸ್ ಮಾಡಿಬಿಡುತ್ತಾನೆ. ಜರ್ಮನಿಯ ಮಂತ್ರಿ ಹೇಳುತ್ತಾನೆ: ನಮ್ಮ ಪೊಲೀಸರು ನಿಮ್ಮ ನೆಲಕ್ಕೆ ಕಾಲೇ ಇಟ್ಟಿಲ್ಲವಲ್ಲ, ನಿಮ್ಮ ಸಾರ್ವಭೌಮತ್ವಕ್ಕೆ ಎಲ್ಲಿ ಧಕ್ಕೆ? ಅಮೆರಿಕ ಈ ಉತ್ತರವನ್ನು ಒಪ್ಪುತ್ತದೆಯೇ ಎಂಬುದು ವಕೀಲರ ಪ್ರಶ್ನೆ. ಒಪ್ಪುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಈ ಪ್ರಸಂಗದ ಒಳಗೇ ನೋವಾ ಸ್ಕೋಶಿಯಾ ತೀರ್ಪಿಗೂ ಉತ್ತರ ಅಡಗಿತ್ತು. ಬ್ಯಾಂಕಿನ ಲೆಡ್ಜರ್ ಬ್ಯಾಂಕಿನದು, ಅದನ್ನು ತರಿಸಿಕೊಳ್ಳಿ. ಲಾಕರಿನೊಳಗಿನ ಪತ್ರ ಗ್ರಾಹಕನದು. ಬ್ಯಾಂಕು ಅದಕ್ಕೆ ಕಾವಲುಗಾರ ಅಷ್ಟೇ.

ಸರ್ಕಾರದ ವಾದವೂ ಸಡಿಲವಾಗಿರಲಿಲ್ಲ. ಐರ್ಲೆಂಡಿನಲ್ಲಿ ಯಾರೂ ಯಾವ ಬಾಗಿಲನ್ನೂ ತೆರೆಯಬೇಕಿಲ್ಲ. ಅಮೆರಿಕದ ಕಚೇರಿಯಲ್ಲಿ ಕುಳಿತ ಕಂಪನಿಯ ಸಿಬ್ಬಂದಿಯೇ ಪರದೆಯ ಮೇಲೆ ಆ ಖಾತೆ ತೆರೆದು ಪತ್ರಗಳನ್ನು ಇಳಿಸಿಕೊಳ್ಳಬಹುದು. ಖಾತೆಯನ್ನು ಡಬ್ಲಿನ್‌ಗೆ ಸಾಗಿಸುವಾಗ ಐರ್ಲೆಂಡನ್ನು ಕೇಳದ ಕಂಪನಿ, ವಾಪಸು ತರಬೇಕೆಂದಾಗ ಮಾತ್ರ ಐರ್ಲೆಂಡಿನ ಸಾರ್ವಭೌಮತ್ವದ ಜಪ ಮಾಡುವುದು ಯಾವ ನ್ಯಾಯ? ಈ ಮಾತಿನಲ್ಲಿ ಹುರುಳಿದೆ. ನಮ್ಮ ಪೊಲೀಸರ ಪದ್ಧತಿಯಲ್ಲಾದರೆ ಇಬ್ಬರು ಪಂಚರನ್ನು ನಿಲ್ಲಿಸಿ ಮಹಜರು ಬರೆಯಬೇಕು. ಈ ಶೋಧನೆಗೆ ಪಂಚರನ್ನು ಡಬ್ಲಿನ್‌ನಲ್ಲಿ ನಿಲ್ಲಿಸುವುದೋ ರೆಡ್ಮಂಡ್‌ನಲ್ಲಿ ನಿಲ್ಲಿಸುವುದೋ?

2016ರ ಜುಲೈ 14ರಂದು ಮೂವರು ನ್ಯಾಯಾಧೀಶರ ಮೇಲ್ಮನವಿ ಪೀಠ ಮೈಕ್ರೋಸಾಫ್ಟಿನ ಪರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಸೂಸನ್ ಕಾರ್ನಿ. ಶಾಸನಸಭೆ ಬಾಯಿಬಿಟ್ಟು ಹೇಳದ ಹೊರತು ಅಮೆರಿಕದ ಕಾನೂನು ಹೊರದೇಶಕ್ಕೆ ಅನ್ವಯಿಸುವುದಿಲ್ಲ; ಈ ಕಾನೂನಿನ ಮೂಲ ಉದ್ದೇಶ ಪತ್ರದ ಗುಟ್ಟು ಕಾಪಾಡುವುದು; ಆ ಗುಟ್ಟಿಗೆ ಭಂಗ ಬರುವುದು ಪತ್ರ ಇರುವಲ್ಲಿ, ಅಂದರೆ ಡಬ್ಲಿನ್‌ನಲ್ಲಿ. ಕಂಪನಿಗಳ ಪಾಳಯದಲ್ಲಿ ಸಂಭ್ರಮ. ಆಪಲ್, ಅಮೆಜಾನ್, ವೆರಿಝಾನ್ ಮಾತ್ರವಲ್ಲ, ಎಂದೂ ಒಂದೇ ಪಂಕ್ತಿಯಲ್ಲಿ ಕೂರದ ಫಾಕ್ಸ್ ನ್ಯೂಸ್ ಮತ್ತು ಗಾರ್ಡಿಯನ್ ಕೂಡ ಮೈಕ್ರೋಸಾಫ್ಟಿನ ಪರ ಕೋರ್ಟಿಗೆ ಅಹವಾಲು ಕೊಟ್ಟಿದ್ದವು.

ನನಗೆ ಆ ತೀರ್ಪಿಗಿಂತ ಅದಕ್ಕೆ ಜೊತೆಯಾಗಿ ನ್ಯಾಯಾಧೀಶ ಜೆರಾರ್ಡ್ ಲಿಂಚ್ ಬರೆದ ಪ್ರತ್ಯೇಕ ಟಿಪ್ಪಣಿ ಹೆಚ್ಚು ಮುಖ್ಯ ಅನ್ನಿಸುತ್ತದೆ. ಫಲಿತಾಂಶಕ್ಕೆ ಒಪ್ಪಿಗೆ ಕೊಟ್ಟು, ಕಂಪನಿ ಹಾಕಿಕೊಂಡ ವೇಷವನ್ನು ಅವರು ನಯವಾಗಿ ಕಳಚಿದರು. ಇದು ಖಾಸಗಿತನದ ಪ್ರಕರಣವೇ ಅಲ್ಲ ಎಂಬುದು ಅವರ ನಿಲುವು. ಸರ್ಕಾರ ಕದ್ದು ನೋಡಿಲ್ಲ. ನ್ಯಾಯಾಧೀಶರ ಮುಂದೆ ಬಂದು, ಕಾರಣ ತೋರಿಸಿ, ವಾರಂಟ್ ಪಡೆದಿದೆ. ಇದೇ ಪತ್ರ ಅಮೆರಿಕದ ಸರ್ವರಿನಲ್ಲಿದ್ದಿದ್ದರೆ ಕಂಪನಿ ಮಾತಾಡದೆ ಕೊಡುತ್ತಿತ್ತು. ಹಾಗಾದರೆ ಈ ಖಾತೆದಾರನಿಗೆ ಸಿಕ್ಕ ರಕ್ಷಣೆ ಎಲ್ಲಿಂದ ಬಂತು? ಕಾನೂನಿನಿಂದಲೂ ಅಲ್ಲ, ಸಂವಿಧಾನದಿಂದಲೂ ಅಲ್ಲ, ಸರ್ವರ್ ಎಲ್ಲಿಟ್ಟರೆ ಲಾಭ ಎಂದು ಕಂಪನಿ ಮಾಡಿಕೊಂಡ ಲೆಕ್ಕದಿಂದ. ನಾಳೆ ಆ ಲೆಕ್ಕ ಬದಲಾದರೆ ರಕ್ಷಣೆಯೂ ಹೋಯಿತು.

ಬದಲಾಗಲು ಬಹಳ ದಿನ ಬೇಕಾಗಲಿಲ್ಲ. 2017ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಕೋರ್ಟಿಗೆ ಇಂಥದೇ ಪ್ರಶ್ನೆ ಬಂತು, ಈ ಸಲ ಗೂಗಲ್. ಗೂಗಲ್ಲಿನ ಏರ್ಪಾಡು ಬೇರೆ. ಒಂದೇ ಪತ್ರದ ಒಕ್ಕಣೆ ಒಂದು ಕಡೆ, ಲಗತ್ತು ಇನ್ನೊಂದು ದೇಶದಲ್ಲಿ ಇರಬಹುದು. ದಟ್ಟಣೆ ನೋಡಿಕೊಂಡು ಯಂತ್ರವೇ ತುಣುಕುಗಳನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಸಾಗಿಸುತ್ತಿರುತ್ತದೆ. ವಾರಂಟ್ ಬರೆಯುವಾಗ ಇದ್ದ ಜಾಗದಲ್ಲಿ ಅದು ಜಾರಿಯಾಗುವಾಗ ಇರಬೇಕೆಂದಿಲ್ಲ. ಯಾವ ದೇಶದ ಸರ್ಕಾರಕ್ಕೆ ಅರ್ಜಿ ಹಾಕುವುದು? ಫಿಲಡೆಲ್ಫಿಯಾದ ಮ್ಯಾಜಿಸ್ಟ್ರೇಟರು ನ್ಯೂಯಾರ್ಕಿನ ತೀರ್ಪನ್ನು ಬದಿಗಿಟ್ಟು, ಕೊಡು ಎಂದು ಗೂಗಲ್ಲಿಗೆ ಆದೇಶಿಸಿದರು. ಅದಕ್ಕೆ ಕೆಲವೇ ದಿನ ಮೊದಲು ನ್ಯೂಯಾರ್ಕಿನ ಮೇಲ್ಮನವಿ ಕೋರ್ಟಿನಲ್ಲೂ ಮರುವಿಚಾರಣೆಯ ಪ್ರಶ್ನೆ ಬಂದಾಗ ನ್ಯಾಯಾಧೀಶರು ನಾಲ್ಕು-ನಾಲ್ಕಾಗಿ ಒಡೆದಿದ್ದರು.

ಇದಕ್ಕೆಲ್ಲ ರಾಜಮಾರ್ಗ ಒಂದಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅಮೆರಿಕಕ್ಕೂ ಐರ್ಲೆಂಡಿಗೂ 2001ರಲ್ಲಿ ಪರಸ್ಪರ ಕಾನೂನು ನೆರವಿನ ಒಪ್ಪಂದವಾಗಿದೆ. ಅದರಡಿ ಕೇಳಿದರೆ ಬೇಗ ಪರಿಶೀಲಿಸುತ್ತೇವೆ ಎಂದು ಐರ್ಲೆಂಡ್ ಸರ್ಕಾರ ಕೋರ್ಟಿಗೇ ಬರೆದುಕೊಟ್ಟಿತು. ಅಮೆರಿಕ ಆ ದಾರಿ ಹಿಡಿಯಲಿಲ್ಲ. ಒಪ್ಪಂದದ ದಾರಿ ಬಹಳ ನಿಧಾನ, ಎಲ್ಲ ದೇಶಗಳೊಂದಿಗೂ ಒಪ್ಪಂದವಿಲ್ಲ ಎಂಬುದು ಅದರ ಸಬೂಬು. ಇದರಲ್ಲೊಂದು ವ್ಯಂಗ್ಯವಿದೆ. ಸ್ನೋಡನ್ ಗಲಾಟೆಯ ನಂತರ ಅಧ್ಯಕ್ಷ ಒಬಾಮ ನೇಮಿಸಿದ ಪರಿಶೀಲನಾ ತಂಡ 2013ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಹೊರದೇಶಗಳು ಅಮೆರಿಕಕ್ಕೆ ಕಳಿಸುವ ಇಂಥ ಕೋರಿಕೆಗಳಿಗೆ ಉತ್ತರ ಸಿಗಲು ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ ಎಂದು ಅದರಲ್ಲಿದೆ. ಬೇರೆಯವರನ್ನು ಹತ್ತು ತಿಂಗಳು ಕಾಯಿಸುವವರಿಗೆ ತಾವು ಕಾಯಬೇಕಾದಾಗ ದಾರಿ ದೂರವಾಗಿ ಕಂಡಿತು.

ಸುಪ್ರೀಂ ಕೋರ್ಟಿನಲ್ಲಿ 2018ರ ಫೆಬ್ರವರಿ 27ರಂದು ವಾದ ನಡೆಯಿತು. ಇಂಥ ಹೊಸ ವಿಷಯವನ್ನು ಶಾಸನಸಭೆಗೇ ಬಿಡುವುದು ಮೇಲಲ್ಲವೇ ಎಂದು ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ಕೇಳಿದರು. ಶಾಸನಸಭೆ ಮಾಡಿದರೆ ಒಳ್ಳೆಯದೇ, ಅಲ್ಲಿಯವರೆಗೆ ಏನಾದರೂ ದಾರಿ ಬೇಕಲ್ಲ ಎಂದರು ಸ್ಯಾಮ್ಯುಯೆಲ್ ಅಲಿಟೊ. ಅಲ್ಲಿಯವರೆಗೆ ಎನ್ನುವುದು ಒಂದು ತಿಂಗಳೂ ಹಿಡಿಯಲಿಲ್ಲ. ಮಾರ್ಚ್ 23ರಂದು ಅಧ್ಯಕ್ಷ ಟ್ರಂಪ್ 2,232 ಪುಟಗಳ ಸರ್ಕಾರಿ ಖರ್ಚಿನ ಮಸೂದೆಗೆ ಸಹಿ ಹಾಕಿದರು. ಅದರ ಬಾಲಕ್ಕೆ ಕ್ಲೌಡ್ ಆ್ಯಕ್ಟ್ ಎಂಬ ಕಾನೂನನ್ನು ಕಟ್ಟಲಾಗಿತ್ತು. ಅದರ ಮೇಲೆ ಸದನದಲ್ಲಿ ಬೇರೆಯಾಗಿ ಚರ್ಚೆಯಾಗಲಿಲ್ಲ. ಅದರ ತಿರುಳು ಇಷ್ಟು: ಕಂಪನಿಯ ಸುಪರ್ದಿಯಲ್ಲಿರುವ ಮಾಹಿತಿ ಅಮೆರಿಕದ ಒಳಗಿರಲಿ ಹೊರಗಿರಲಿ, ಕೇಳಿದಾಗ ಕೊಡತಕ್ಕದ್ದು. ನಾಲ್ಕು ವರ್ಷದ ಹಿಂದೆ ಪ್ರೆಸ್ಕಾ ಹೇಳಿದ ಮಾತೇ ಕಾನೂನಾಗಿ ಬಂತು. ಸರ್ಕಾರ ಹೊಸ ಕಾನೂನಿನಡಿ ಅದೇ ಪತ್ರಗಳಿಗೆ ಹೊಸ ವಾರಂಟ್ ಪಡೆಯಿತು. ಏಪ್ರಿಲ್ 17ರಂದು ಸುಪ್ರೀಂ ಕೋರ್ಟು, ಇನ್ನು ತೀರ್ಮಾನಿಸಲು ವಿವಾದವೇ ಉಳಿದಿಲ್ಲ ಎಂದು ಕಡತ ಮುಚ್ಚಿತು.

ಕಂಪನಿಗಳು ಈ ಕಾನೂನನ್ನು ವಿರೋಧಿಸಿದವೇ? ಇಲ್ಲ. ಮಸೂದೆ ಮಂಡನೆಯಾದ ಆ ಫೆಬ್ರವರಿಯಲ್ಲೇ ಆಪಲ್, ಫೇಸ್‌ಬುಕ್, ಗೂಗಲ್, ಮೈಕ್ರೋಸಾಫ್ಟ್ ಸೇರಿ ಬೆಂಬಲದ ಪತ್ರ ಬರೆದಿದ್ದವು. ಸೋತವರಂತೆ ಕಾಣುವ ಕಂಪನಿಗಳಿಗೆ ಬೇಕಾದದ್ದು ಸಿಕ್ಕಿತ್ತು. ಏನು ಕೊಡಬೇಕು, ಯಾರಿಗೆ ಕೊಡಬೇಕು, ಎರಡು ದೇಶಗಳ ಕಾನೂನಿಗೆ ತಿಕ್ಕಾಟ ಬಂದರೆ ಕೋರ್ಟಿಗೆ ಹೇಗೆ ಹೋಗಬೇಕು ಎಂಬ ನಿಯಮಗಳು ಖಚಿತವಾದವು. ಅದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. 2016ರ ಮಾರ್ಚ್‌ನಲ್ಲಿ ಬ್ರೆಜಿಲ್ ಪೊಲೀಸರು ವಾಟ್ಸ್‌ಆ್ಯಪ್ ಸಂದೇಶ ಕೊಡಲಿಲ್ಲವೆಂದು ಫೇಸ್‌ಬುಕ್‌ನ ಲ್ಯಾಟಿನ್ ಅಮೆರಿಕದ ಉಪಾಧ್ಯಕ್ಷರನ್ನೇ ಸಾವೊ ಪೌಲೊದಲ್ಲಿ ಹಿಡಿದು ಒಂದು ರಾತ್ರಿ ಲಾಕಪ್ಪಿನಲ್ಲಿಟ್ಟಿದ್ದರು. ಬೆಲ್ಜಿಯಂನಲ್ಲಿ ಕಚೇರಿಯೇ ಇಲ್ಲದ ಯಾಹೂಗೆ ಅಲ್ಲಿನ ಕೋರ್ಟು ದಂಡ ಹಾಕಿ, 2015ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. ಕೊಟ್ಟರೆ ಅಮೆರಿಕದ ಕಾನೂನು ಮುರಿದಂತೆ, ಕೊಡದಿದ್ದರೆ ಕೇಳಿದ ದೇಶದಲ್ಲಿ ಜೈಲು. ಈ ಇಕ್ಕಟ್ಟಿನಿಂದ ಬಿಡಿಸುವ ಯಾವ ಕಾನೂನಾದರೂ ಅವರಿಗೆ ಲೇಸೇ. ಇಡೀ ವ್ಯಾಜ್ಯದಲ್ಲಿ ಸರ್ಕಾರವಿತ್ತು, ಕಂಪನಿಯಿತ್ತು, ಐರ್ಲೆಂಡ್ ಇತ್ತು. ಪತ್ರ ಬರೆದವನು ಮಾತ್ರ ಯಾವ ಕಟಕಟೆಯಲ್ಲೂ ಇರಲಿಲ್ಲ.

ಯುರೋಪು ಸುಮ್ಮನಿರಲಿಲ್ಲ. 2018ರ ಮೇ 25ರಂದು ಜಾರಿಯಾದ ಅಲ್ಲಿನ ದತ್ತಾಂಶ ರಕ್ಷಣಾ ನಿಯಮದ 48ನೇ ವಿಧಿ, ಹೊರದೇಶದ ಕೋರ್ಟಿನ ಇಂಥ ಆದೇಶಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಆಧಾರ ಇರಬೇಕು ಎನ್ನುತ್ತದೆ. ಕಾಗದದ ಮೇಲೆ ಗಟ್ಟಿ ಬೇಲಿ. ಆದರೆ 2025ರ ಜೂನ್ 10ರಂದು ಫ್ರಾನ್ಸಿನ ಸೆನೆಟ್ ಸಮಿತಿಯ ಮುಂದೆ ಮೈಕ್ರೋಸಾಫ್ಟ್ ಫ್ರಾನ್ಸಿನ ಕಾನೂನು ಅಧಿಕಾರಿ ಪ್ರಮಾಣವಚನ ಸ್ವೀಕರಿಸಿ ಕುಳಿತಾಗ ಪ್ರಶ್ನೆ ನೇರವಾಗಿ ಬಂತು: ಫ್ರೆಂಚ್ ನಾಗರಿಕರ ಮಾಹಿತಿ ಫ್ರಾನ್ಸಿನ ಒಪ್ಪಿಗೆಯಿಲ್ಲದೆ ಎಂದಿಗೂ ಅಮೆರಿಕದ ಕೈ ಸೇರುವುದಿಲ್ಲ ಎಂದು ಖಾತರಿ ಕೊಡುತ್ತೀರಾ? ಕೊಡಲಾರೆ, ಆದರೆ ಈವರೆಗೆ ಹಾಗೆ ಆಗಿಲ್ಲ ಎಂದು ಅವರು ಉತ್ತರಿಸಿದರು. ಪ್ರಾಮಾಣಿಕ ಉತ್ತರ. ಸರ್ವರು ಪ್ಯಾರಿಸ್ಸಿನಲ್ಲೇ ಇದ್ದರೂ ಉತ್ತರ ಅದೇ.

ಈಗ ನಮ್ಮ ಕಡೆಗೆ ಬರೋಣ. ಕ್ಲೌಡ್ ಆ್ಯಕ್ಟಿಗೆ ಸಹಿ ಬಿದ್ದು ಸರಿಯಾಗಿ ಎರಡು ವಾರಕ್ಕೆ, 2018ರ ಏಪ್ರಿಲ್ 6ರಂದು, ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಹಣ ಪಾವತಿಯ ಮಾಹಿತಿಯನ್ನೆಲ್ಲ ಭಾರತದಲ್ಲಿ ಮಾತ್ರ ಇಡತಕ್ಕದ್ದು. ಪಾಲಿಸಲಿಲ್ಲವೆಂದು 2021ರ ಜುಲೈನಿಂದ ಸುಮಾರು ಒಂದು ವರ್ಷ ಮಾಸ್ಟರ್‌ಕಾರ್ಡ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. ರಿಸರ್ವ್ ಬ್ಯಾಂಕಿಗೆ ಮೇಲ್ವಿಚಾರಣೆಗೆ ಬೇಕಾದ ದಾಖಲೆ ಕೈಯಳತೆಯಲ್ಲಿರಬೇಕು. ಅದಕ್ಕೆ ಈ ನಿಯಮ ಒಳ್ಳೆಯದೇ. ಆದರೆ ಮಾಹಿತಿ ನಮ್ಮ ನೆಲದಲ್ಲಿದ್ದರೆ ನಮ್ಮದೇ ಎಂಬ ಭಾವನೆ ಇದರ ಜೊತೆ ಬೆಳೆದುಬಿಟ್ಟಿದೆ. ಮೈಕ್ರೋಸಾಫ್ಟಿನ ಡೇಟಾ ಸೆಂಟರುಗಳು ಪುಣೆ, ಮುಂಬಯಿ, ಚೆನ್ನೈಗಳಲ್ಲಿ 2015ರಿಂದಲೂ ಇವೆ. ಅಲ್ಲಿರುವ ಇಮೇಲ್ ಅಮೆರಿಕದ ವಾರಂಟಿಗೆ ಎಷ್ಟು ದೂರವೋ ಡಬ್ಲಿನ್‌ನಲ್ಲಿರುವುದೂ ಅಷ್ಟೇ ದೂರ.

ನಮ್ಮ ತನಿಖಾಧಿಕಾರಿಯ ಪಾಡು ಇದಕ್ಕೆ ಉಲ್ಟಾ. ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವವು. ದೂರು ಕೊಟ್ಟವರು ಹುಬ್ಬಳ್ಳಿಯವರು, ಆರೋಪಿ ಬೆಂಗಳೂರಿನವನು, ದುಡ್ಡು ಹೋದದ್ದು ಮೈಸೂರಿನ ಬ್ಯಾಂಕ್ ಖಾತೆಗೆ ಎಂದಿಟ್ಟುಕೊಳ್ಳಿ. ಇಮೇಲ್ ಮಾತ್ರ ಅಮೆರಿಕನ್ ಕಂಪನಿಯದು. ಖಾತೆ ಯಾರ ಹೆಸರಿನಲ್ಲಿದೆ, ಯಾವ ಐಪಿ ವಿಳಾಸದಿಂದ ತೆರೆದರು ಎಂಬಷ್ಟನ್ನು ಕಂಪನಿ ಇಷ್ಟಪಟ್ಟರೆ ಕೊಡಬಹುದು. ಒಕ್ಕಣೆ ಕೊಡಕೂಡದು, ಅದೇ 1986ರ ಕಾನೂನು ಅಡ್ಡ ಬರುತ್ತದೆ. ಆಗ ಕೋರಿಕೆ ಪತ್ರ ಠಾಣೆಯಿಂದ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ವಾಷಿಂಗ್ಟನ್ನಿನ ನ್ಯಾಯ ಇಲಾಖೆಗೆ, ಅಲ್ಲಿಂದ ಅಲ್ಲಿನ ಕೋರ್ಟಿಗೆ, ಕೋರ್ಟಿನಿಂದ ಕಂಪನಿಗೆ ಹೋಗಿ, ಬಂದ ದಾರಿಯಲ್ಲೇ ಮರಳಬೇಕು. ನಮ್ಮ ಠಾಣೆಯವರು ಅಮೆರಿಕದ ಕಾನೂನಿಗೆ ಒಪ್ಪುವಷ್ಟು ಕಾರಣ ಬರೆದಿಲ್ಲವೆಂದು ನಡುವೆಯೇ ವಾಪಸು ಬಂದರೆ ಮತ್ತೆ ಮೊದಲಿನಿಂದ.

ಕ್ಲೌಡ್ ಆ್ಯಕ್ಟಿನಲ್ಲಿ ಇದಕ್ಕೊಂದು ಒಳದಾರಿಯಿದೆ. ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡ ದೇಶದ ಅಧಿಕಾರಿಗಳು, ಗಂಭೀರ ಅಪರಾಧಗಳಲ್ಲಿ, ಕಂಪನಿಯನ್ನೇ ನೇರವಾಗಿ ಕೇಳಬಹುದು. ಬ್ರಿಟನ್ನಿನ ಒಪ್ಪಂದ 2022ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾದ್ದು 2024ರ ಜನವರಿಯಲ್ಲಿ ಜಾರಿಗೆ ಬಂದವು. ಭಾರತಕ್ಕೂ ಯಾಕಾಗಬಾರದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಮೆರಿಕದ ದೊಡ್ಡಣ್ಣತನವೇ ಇದಕ್ಕೆ ಅಡ್ಡಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕಾನೂನಿನ ಷರತ್ತುಗಳಲ್ಲಿ ಒಂದನ್ನು ನೋಡಿ. ಕೇಳುವ ದೇಶದಲ್ಲಿ ಅಂಥ ಪ್ರತಿಯೊಂದು ಆದೇಶವೂ ಒಬ್ಬ ನ್ಯಾಯಾಧೀಶರ ಅಥವಾ ಸ್ವತಂತ್ರ ಪ್ರಾಧಿಕಾರದ ಪರಿಶೀಲನೆಗೆ ಒಳಪಡಬೇಕು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನ ಪ್ರಕಾರ ನಾಗರಿಕರ ಸಂದೇಶಗಳನ್ನು ಕದ್ದಾಲಿಸಲು, ಗೂಢಲಿಪಿ ಬಿಡಿಸಿ ಓದಲು ಆದೇಶ ಕೊಡುವವರು ಕೇಂದ್ರದಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ರಾಜ್ಯದ ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಈ ಹಾದಿಯಲ್ಲಿ ಎಲ್ಲೂ ಎದುರಾಗುವುದಿಲ್ಲ. ಜೇಮ್ಸ್ ಫ್ರಾನ್ಸಿಸ್ ಮಾಡಿದ್ದು ಸರಿಯೋ ತಪ್ಪೋ, ಆ ವಾರಂಟಿನ ಮೇಲೆ ಒಬ್ಬ ನ್ಯಾಯಾಧೀಶರ ಸಹಿಯಂತೂ ಇತ್ತು. ಒಪ್ಪಂದದ ಮಾತುಕತೆಗೆ ದೆಹಲಿಯ ಅಧಿಕಾರಿಗಳು ವಾಷಿಂಗ್ಟನ್ ವಿಮಾನ ಹತ್ತುವ ಮೊದಲು ಈ ಕಲಮನ್ನು ತಿದ್ದುವ ಕೆಲಸ ಸಂಸತ್ತಿನಲ್ಲೇ ಇದೆ.